ನದಾಫ್ ಎಂಬ ಹೆಸರು ಮತ್ತು ಒಂದು ಡಿಎನ್‌ಎ ವರದಿ

ಬೆಂಗಳೂರಿನ ತಿಲಕ್ ನಗರದಲ್ಲಿ ನಾವು ಬಲ್ಲ ಕುಟುಂಬವೊಂದಿದೆ. ಮನೆಯ ಹಿರಿಯರು ತಮ್ಮ ಹೆಸರಿನ ಮುಂದೆ ಶೇಖ್ ಎಂದು ಬರೆಯುವರು. ಪೂರ್ವಜರು ಅರಬಸ್ತಾನದಿಂದ ಬಂದವರೆಂಬುದು ಆ ಮನೆಯ ನಂಬಿಕೆ. ಹೊರದೇಶದಲ್ಲಿರುವ ಮೊಮ್ಮಗನು ಕೊಳವೆಯಲ್ಲಿ ಎಂಜಲು ತುಂಬಿ ಡಿಎನ್‌ಎ ಪರೀಕ್ಷೆಗೆ ಕಳುಹಿಸಿದನು. ಬಂದ ವರದಿಯಲ್ಲಿ ಅರಬಸ್ತಾನವಿರಲಿಲ್ಲ, ದಕ್ಷಿಣ ಭಾರತವೇ ತುಂಬಿತ್ತು. “ಹಾಗಾದರೆ ನಾವು ಯಾರು ಹಜರತ್?” ಎಂದು ಹಿರಿಯರು ನಮ್ಮನ್ನು ಕೇಳಿದರು.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರತೀಯ ಮುಸ್ಲಿಮರು ಬಹುಮಟ್ಟಿಗೆ ನೆರೆಹೊರೆಯ ಜನರ ರಕ್ತಸಂಬಂಧಿಗಳೇ, ಹೊರನಾಡಿನ ಅಂಶ ಅಲ್ಪವೆಂದು ತೋರಿಸಿತು. ಉತ್ತರ ಕನ್ನಡದ ಸಿದ್ದಿಗಳ ವಿಷಯ ಬೇರೆ. ಅವರ ಆಫ್ರಿಕಾ ಮೂಲವನ್ನು 2011ರ ಅಧ್ಯಯನವು ದೃಢಪಡಿಸಿತು. ಆದರೂ ಪರೀಕ್ಷೆಗೆ ಮಿತಿಯಿದೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ 1024 ಹಿರಿಯರ ಸ್ಥಾನಗಳಿರುವವು. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಅವರಲ್ಲಿ ಒಬ್ಬನ ಸುದ್ದಿಯನ್ನಷ್ಟೇ ಹೇಳುವುದು. ಮನೆತನದ ಹೆಸರನ್ನಂತೂ ಯಾವ ವರ್ಣತಂತುವೂ ಹೊತ್ತು ತರುವುದಿಲ್ಲ.

ಹೆಸರು ಸಿಕ್ಕಿದ್ದು ಅಜ್ಜಿಯ ಬಾಯಲ್ಲಿ. ತಮ್ಮ ಮಾವನವರು ಹೆಗಲಿಗೆ ಕಮಾನು ಹಾಕಿಕೊಂಡು ಬೀದಿ ಬೀದಿ ಸುತ್ತಿ, ಜನರ ಹಾಸಿಗೆಯ ಅರಳೆ ಎಕ್ಕಿ ಕೊಡುತ್ತಿದ್ದರೆಂದು ಅವರು ಹೇಳಿದರು. ಅಂದರೆ ನದಾಫರು, ಪಿಂಜಾರರು. ನದ್ದಾಫ್ ಎಂದರೆ ಅರಬಿಯಲ್ಲಿ ಹತ್ತಿ ಹಿಂಜುವವನು. ಪಾಲು ಹಾಲಾದುದನ್ನು ಬಲ್ಲ ಕನ್ನಡಿಗರಿಗೆ ಪಿಂಜಾರ ಮತ್ತು ಹಿಂಜು ಒಂದೇ ಬಳ್ಳಿಯ ಪದಗಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರಬಸ್ತಾನವನ್ನು ಹುಡುಕಿದ ಮನೆಗೆ ಅರಬಿ ಪದವೊಂದು ದೊರೆಯಿತು, ಆದರೆ ಅವರು ಬಯಸಿದ ಪದವಲ್ಲ!

ಕರ್ನಾಟಕ ಸರ್ಕಾರವು ಈ ಸಮುದಾಯವನ್ನು ಪ್ರವರ್ಗ-1ರಲ್ಲಿ ಸೇರಿಸಿದೆ. ತಹಸೀಲ್ದಾರರ ಕಚೇರಿಯಲ್ಲಿ ನದಾಫ್, ನಿಕಾಹ್ ಮಾತುಕತೆಯಲ್ಲಿ ಶೇಖ್ ಆಗುವವರನ್ನು ನಾವು ಕಂಡಿದ್ದೇವೆ. ಅವರನ್ನು ಮಾತ್ರ ದೂರಲಾರೆವು. ಕುಫುವಿನ ಅಧ್ಯಾಯದಲ್ಲಿ ವೃತ್ತಿಯನ್ನೂ ಎಣಿಸುವ ಫಿಕ್‌ಹ್ ಗ್ರಂಥಗಳನ್ನು ನಾವೂ ಮದ್ರಸಾದಲ್ಲಿ ಓದಿದವರೇ. ಆದರೆ ಅದೇ ಹನಫೀ ಪರಂಪರೆಯ ಮಹಾವಿದ್ವಾಂಸರಾದ ಇಮಾಮ್ ಖಸ್ಸಾಫ್‌ರ ಹೆಸರಿಗೆ ಪಾದರಕ್ಷೆ ಹೊಲಿಯುವವರೆಂದು ಅರ್ಥ. ಇಮಾಮ್ ಜಸ್ಸಾಸ್‌ರ ಹೆಸರು ಗಾರೆಯ ಕಸುಬಿನದು. ಅವರ ಶಿಷ್ಯರು ಆ ಹೆಸರುಗಳನ್ನು ಅಳಿಸಲಿಲ್ಲ.

ಹಝ್ರತ್ ಝೈದ್(ರ)ರನ್ನು ಜನರು ಝೈದ್ ಬಿನ್ ಮುಹಮ್ಮದ್ ಎನ್ನುತ್ತಿದ್ದರು. ಸೂರಃ ಅಹ್‌ಝಾಬ್‌ನ 5ನೇ ವಚನವು ಅವತೀರ್ಣವಾದ ಬಳಿಕ ಅವರು ಪುನಃ ತಮ್ಮ ತಂದೆಯಾದ ಹಾರಿಸರ ಹೆಸರಿಗೆ ಮರಳಿದರು. ಪ್ರವಾದಿವರ್ಯರ(ಸ) ಹೆಸರಿಗಿಂತ ದೊಡ್ಡ ಮನೆತನವೆಲ್ಲಿದೆ? ಅದನ್ನೂ ಬಿಟ್ಟುಕೊಟ್ಟು ನಿಜವಾದ ತಂದೆಯ ಹೆಸರನ್ನು ಉಳಿಸಬೇಕಾಯಿತು.

ಇದನ್ನೆಲ್ಲ ಹಿರಿಯರಿಗೆ ಹೇಳಿದೆವು. ಅವರು ಬಹಳ ಹೊತ್ತು ಮೌನವಾಗಿದ್ದರು. ಮೊಮ್ಮಗಳ ಸಂಬಂಧದ ಮಾತು ನಡೆದಿದೆ; ವರನ ಕಡೆಯವರು ಖಾಂದಾನ್ ಯಾವುದೆಂದು ಕೇಳಿರುವರು. ಉತ್ತರವನ್ನು ಅವರಿನ್ನೂ ಕಳುಹಿಸಿಲ್ಲ.