ಕೊಡಗಿನ ಜಮ್ಮವೂ ಸಂವಿಧಾನದ ಸಮತೆಯೂ

‘ಜಮ್ಮ’ವೆಂಬುದು ಸಂಸ್ಕೃತದ ‘ಜನ್ಮ’ ಶಬ್ದದ ತದ್ಭವವು. ಕೊಡಗಿನಲ್ಲಿ ಇದು ವಂಶಪರಂಪರೆಯಿಂದ ಬಂದ ಭೂಮಿಯ ಹಿಡುವಳಿಯೆಂಬ ಅರ್ಥದಲ್ಲಿ ರೂಢವಾಗಿದೆ. ಹಾಲೇರಿ ಅರಸರ ಕಾಲದಲ್ಲಿ ಜಮ್ಮವನ್ನು ಪಡೆದ ಒಕ್ಕದವರು ಅರಸನು ಕರೆದಾಗ ಆಯುಧಪಾಣಿಗಳಾಗಿ ಸೇವೆಗೆ ಬರತಕ್ಕದ್ದು. ಅದಕ್ಕೆ ಪ್ರತಿಯಾಗಿ ಸಾಗು ಭೂಮಿಯ ಕಂದಾಯದಲ್ಲಿ ಅರ್ಧವನ್ನು ಮಾತ್ರ ಸಲ್ಲಿಸತಕ್ಕದ್ದು.

ಆದರೆ ಇದೇ ಶಬ್ದಕ್ಕೆ ಮತ್ತೊಂದು ಮುಖವೂ ಇದ್ದಿತು. ‘ಭೂಮಿ ಜಮ್ಮದ ಆಳು’ ಎಂಬವನು ಗದ್ದೆಗೆ ಕಟ್ಟುಬಿದ್ದವನು. ‘ಒಕ್ಕಲು ಜಮ್ಮದ ಆಳು’ ಎಂಬವನು ಒಡೆಯನ ಮನೆತನದ ಸ್ವತ್ತು. ಜನ್ಮವು ಒಬ್ಬನಿಗೆ ಗದ್ದೆಯನ್ನಿತ್ತಿತು; ಮತ್ತೊಬ್ಬನನ್ನು ಅದೇ ಗದ್ದೆಗೆ ಬಿಗಿಯಿತು.

1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ವಶವಾಯಿತು. ಕಂಪೆನಿಯ ಸೀಮೆಯ ನ್ಯಾಯಸ್ಥಾನಗಳು ದಾಸ್ಯದ ಹಕ್ಕನ್ನು ಮನ್ನಿಸಬಾರದೆಂದು 1843ರ 5ನೆಯ ಶಾಸನವು ವಿಧಿಸಿತು. ಆದರೆ ದಾಸ್ಯವನ್ನು ಮನ್ನಿಸದಿರುವುದು ಬೇರೆ. ದಾಸನಾಗಿದ್ದವನನ್ನು ಸಮಾನ ಪೌರನೆಂದು ಮನ್ನಿಸುವುದು ಬೇರೆ. 1924ರಲ್ಲಿ ಏರ್ಪಟ್ಟ ಕೊಡಗಿನ ಶಾಸನಸಭೆಯ 20 ಮಂದಿ ಸದಸ್ಯರಲ್ಲಿ 15 ಮಂದಿ ಚುನಾಯಿತರಾದರೂ ಮತಾಧಿಕಾರವು ಎಲ್ಲ ವಯಸ್ಕರಿಗೂ ಇರಲಿಲ್ಲ.

ಈ ಕೊರತೆಯನ್ನು ತುಂಬಿದುದು 1950ರ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನವು. ಅದನ್ನು ರಚಿಸಿದ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದವರು ಸಿ. ಎಂ. ಪೂಣಚ್ಚನವರು. ಅದರ 14ನೆಯ ವಿಧಿಯು ಕಾನೂನಿನ ಮುಂದೆ ಸಮತೆಯನ್ನು ಸಾರಿತು. 17ನೆಯದು ಅಸ್ಪೃಶ್ಯತೆಯನ್ನು ತೊಡೆಯಿತು. 23ನೆಯದು ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 326ನೆಯದು ವಯಸ್ಕರೆಲ್ಲರಿಗೂ ಮತವನ್ನಿತ್ತಿತು. ಹೀಗೆ ಆಯ್ಕೆಯಾದ 24 ಮಂದಿ ಸದಸ್ಯರ ವಿಧಾನಸಭೆಗೆ 1952ರಲ್ಲಿ ಪೂಣಚ್ಚನವರೇ ಮುಖ್ಯಮಂತ್ರಿಗಳಾದರು. ಜಮ್ಮದ ಒಡೆಯನಿಗೂ ಆಳಿನ ಮೊಮ್ಮಗನಿಗೂ ಅಂದು ಇದ್ದುದು ಸಮಾನವಾದ ಮತಾಧಿಕಾರವು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾದರೂ ಈ ಹಕ್ಕು ಲೀನವಾಗಲಿಲ್ಲ.

ಹಾಗಾದರೆ ಹಳೆಯ ವಿಶೇಷಗಳೆಲ್ಲವೂ ಅಳಿದುವೇ? ಇಲ್ಲ. ಕೋವಿಯನ್ನಿರಿಸಿಕೊಳ್ಳಲು ಕೊಡವರಿಗೆ 1861ರಲ್ಲಿ ದೊರೆತ ವಿನಾಯಿತಿಯು ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಇಂದಿಗೂ ಸಲ್ಲುತ್ತಿದೆ. ಇದು ಸಮತೆಗೆ ವಿರುದ್ಧವೆಂಬ ವಾದವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, 2021ರಲ್ಲಿ ಅದು ವಿನಾಯಿತಿಯನ್ನು ಎತ್ತಿಹಿಡಿಯಿತು. ಇಲ್ಲಿ ಗಮನಾರ್ಹವಾದುದು ತೀರ್ಪಿಗಿಂತಲೂ ಆ ಪ್ರಶ್ನೆಯೇ. ಅರಸರ ಕಾಲದಲ್ಲಿ ವಿಶೇಷಾಧಿಕಾರಕ್ಕೆ ಕಾರಣವನ್ನು ಕೇಳುವವರಿರಲಿಲ್ಲ. ಅರಸನ ಪ್ರಸಾದವೇ ಪ್ರಮಾಣವಾಗಿದ್ದಿತು. ಸಂವಿಧಾನವು ಬಂದ ಮೇಲೆ ಅದು ತನಗೆ ತಕ್ಕ ಕಾರಣವನ್ನು ಹೇಳಿಯೇ ನಿಲ್ಲಬೇಕಾಯಿತು.

ಇದರಿಂದ ಸಂವಿಧಾನದ ಪ್ರಯೋಜನವು ವಿದಿತವಾಗುವುದು. ಅದು ‘ಜನ್ಮ’ದ ಹಕ್ಕನ್ನು ಅಳಿಸಲಿಲ್ಲ, ಕೆಲವು ಒಕ್ಕಗಳಲ್ಲಿ ಹುಟ್ಟಿದವರಿಗೆ ಮೀಸಲಾಗಿದ್ದ ಆ ಶಬ್ದದ ಅರ್ಥವನ್ನು ಮನುಷ್ಯರಾಗಿ ಹುಟ್ಟಿದವರೆಲ್ಲರಿಗೂ ವಿಸ್ತರಿಸಿತು.