ಈಡಿನ ದೂರ

ಕೋವಿಯ ವಿಚಾರವಾಗಿ ಕನ್ನಡದ ಮೇಷ್ಟರೊಬ್ಬರು ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ನಾನು ಯಾವ ಪ್ರಾಣಿಯ ಮೇಲೂ ಈಡು ಹಾರಿಸಿದವನಲ್ಲ. ಆದರೆ ‘ಕಾನೂರು ಹೆಗ್ಗಡಿತಿ’ಯಂಥ ಕಾದಂಬರಿಯನ್ನು ಪಾಠ ಹೇಳುವಾಗ ಬೇಟೆಯ ಪ್ರಸಂಗ ಬಂದರೆ, ಕೇಪಿನ ಕೋವಿ ಯಾವುದು, ತೋಟಾಕೋವಿ ಯಾವುದು, ರೈಫಲ್ಲು ಯಾವುದು ಎಂದು ಹುಡುಗರು ಕೇಳದೆ ಬಿಡುತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ಹೋದ ನನಗೆ ಶಿವಮೊಗ್ಗ ಸೀಮೆಯ ಇತಿಹಾಸದ ಒಂದು ಮಗ್ಗುಲು ಕಾಣಿಸಿತು.

ಕ್ಯಾಲಿಬರ್ ಎಂದರೆ ನಳಿಗೆಯ ಬಾಯಿಯ ಅಳತೆ. ಇಂಗ್ಲಿಷರು ಅದನ್ನು ಅಂಗುಲದ ದಶಾಂಶದಲ್ಲಿ ಹೇಳುತ್ತಿದ್ದರು. .405 ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ 405 ಪಾಲು. ದೊಡ್ಡ ಮೃಗವನ್ನು ದೂರದಿಂದ ಹೊಡೆಯಲು ಯಾವ ಅಳತೆ ಲೇಸು ಎಂಬ ಚರ್ಚೆ ಷಿಕಾರಿಗಳಲ್ಲಿ ಇಂದಿಗೂ ಮುಗಿದಿಲ್ಲ.

ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಕುಂಸಿ ದಾಟಿದರೆ ಚೋರಡಿ ಸಿಗುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಅಲ್ಲಿಯ ಹುಲಿಯೊಂದರ ಕಥೆಯನ್ನು ಬರೆದಿದ್ದಾನೆ. ಅವನ ಕಥೆಗಳನ್ನು ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಆಂಡರ್ಸನ್ನನ ಕೈಯಲ್ಲಿದ್ದುದು .405 ವಿಂಚೆಸ್ಟರ್. ಅತ್ತ ಕುಮಾವೂನಿನ ಜಿಮ್ ಕಾರ್ಬೆಟ್ಟನಿಗೆ 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕಾಗಿ ಬಹುಮಾನವಾಗಿ ಬಂದದ್ದು .275 ರಿಗ್ಬಿ. ಒಂದರ ಗುಂಡು ದಪ್ಪ, ನಿಧಾನ. ಇನ್ನೊಂದರದು ಸಣ್ಣದು, ಚುರುಕು. ನೂರು ಗಜಕ್ಕೆ ಗುರಿ ಹೊಂದಿಸಿದ .405ರ ಗುಂಡು ಇನ್ನೂರು ಗಜ ತಲುಪುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗೇಣು ಕೆಳಗಿಳಿದಿರುತ್ತದೆ. ರಿಗ್ಬಿಯ ಗುಂಡು ಅದರರ್ಧದಷ್ಟೂ ಇಳಿಯುವುದಿಲ್ಲ. ಹಾಗಾದರೆ ಆಂಡರ್ಸನ್ ದಡ್ಡನೇ?

ಅಲ್ಲ. ಕುಮಾವೂನಿನಲ್ಲಿ ಕಣಿವೆಯ ಈ ದಂಡೆಯಿಂದ ಆ ದಂಡೆಯ ಮೃಗ ಕಾಣುತ್ತದೆ. ನಮ್ಮ ಮಲೆನಾಡಿನಲ್ಲಿ ಇನ್ನೂರು ಗಜ ಕಾಣುವ ಜಾಗವೆಂದರೆ ಗದ್ದೆಯ ಬಯಲು ಇಲ್ಲವೆ ಕೆರೆಯ ಅಂಗಳ. ಉಳಿದಂತೆ ಹಳುವೇ ಹಳು. ಹಳುವಿನವರು ಕೂಗೆಬ್ಬಿಸಿದಾಗ ಬಿಲ್ಲಿಗೆ ನಿಂತವನ ಎದುರಿಗೆ ಹಂದಿಯೋ ಕಡವೆಯೋ ಇಪ್ಪತ್ತು ಮಾರಿನಲ್ಲಿ ಮಿಂಚಿ ಮಾಯವಾಗುತ್ತದೆ. ಮರಸು ಕೂತವನಿಗೂ ಅಷ್ಟೇ ದೂರ. ಕಾರ್ಬೆಟ್ಟನೂ ಹತ್ತಿರದ ಈಡಿಗೆಂದು .400 ಅಳತೆಯ ಜೋಡುನಳಿಗೆಯೊಂದನ್ನು ಇಟ್ಟುಕೊಂಡಿದ್ದ. ನಮ್ಮಲ್ಲಿ ಕೋವಿಯ ಅಳತೆಯನ್ನು ನಿರ್ಧರಿಸಿದ್ದು ಕಾಡಿನ ಮರೆ.

ಆದರೆ ಆಯ್ಕೆ ಎಂಬುದು ಹಣವಿದ್ದವರ ಮಾತು. ರೈತನಿಗೆ ದಕ್ಕಿದ್ದು ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಸಲಾಕೆಯಿಂದ ಜಡಿದು, ಚರೆಯನ್ನೋ ಗುಂಡನ್ನೋ ಹಾಕಿ, ಕೇಪು ಇಟ್ಟರೆ ಒಂದೇ ಒಂದು ಈಡು. ಗದ್ದೆಗೆ ನುಗ್ಗಿದ ಹಂದಿಗೆ ಅದು ಸಾಕು. ಅದೇ ಚರೆ ಹುಲಿಗೆ ತಗಲಿದರೆ ಹುಲಿ ಸಾಯುವುದಿಲ್ಲ, ಕುಂಟುತ್ತದೆ; ಕುಂಟಿದ ಹುಲಿಗೆ ಮನುಷ್ಯನೇ ಸುಲಭದ ಬೇಟೆ. ಚಂಪಾವತದ ಆ ಹೆಣ್ಣುಹುಲಿ 436 ಜನರನ್ನು ತಿಂದಿತ್ತೆಂದು ಲೆಕ್ಕ. ಸತ್ತ ಮೇಲೆ ನೋಡಿದರೆ ಅದರ ಬಲಗಡೆಯ ಕೋರೆಹಲ್ಲುಗಳು, ಮೇಲಿನದೂ ಕೆಳಗಿನದೂ, ಮುರಿದಿದ್ದವು. ಹಳೆಯ ಗುಂಡೇಟಿನ ಫಲವೆಂದು ಕಾರ್ಬೆಟ್ಟನೇ ಬರೆದಿದ್ದಾನೆ. ಯಾರದೋ ಕೈ ತಪ್ಪಿದ ಆ ಒಂದು ಈಡಿಗೆ ಬೆಲೆ ತೆತ್ತವರು ಹುಲ್ಲಿಗೆ, ಸೌದೆಗೆ ಕಾಡಿಗೆ ಹೋದ ಹೆಂಗಸರು. ದೂರದ ಈಡಿನ ಜಂಬವನ್ನು ಯಾರಾದರೂ ಕೊಚ್ಚಿಕೊಳ್ಳುವಾಗ ನನಗೆ ನೆನಪಾಗುವುದು ಆ ಹಲ್ಲು.

ಸರ್ಕಾರಕ್ಕೆ ಇದ್ದ ಭಯ ಬೇರೆಯದು. .450 ಅಳತೆಯ ರೈಫಲ್ಲುಗಳು ಇಂಡಿಯಾಕ್ಕೆ ಬರಕೂಡದೆಂದು 1907ರ ಸುಮಾರಿಗೆ ನಿರ್ಬಂಧವಾಯಿತು. ಸೈನ್ಯದ ಹಳೆಯ ಮಾರ್ಟಿನಿ–ಹೆನ್ರಿ ಕೋವಿಗಳ ಅಳತೆಯೂ ಅದೇ. ಗುಂಡುಗಳು ಬಂಡಾಯಗಾರರ ಕೈಸೇರಬಹುದೆಂಬ ಶಂಕೆ. ಲಂಡನ್ನಿನ ಕೋವಿಗಾರರು .465, .470 ಎಂದು ನಳಿಗೆಯನ್ನು ಕೂದಲೆಳೆಯಷ್ಟು ಅಗಲಿಸಿ ಮಾರಿದರು! ಇದೇ ನೀತಿಯಿಂದ .303 ಸೈನಿಕರಿಗೂ ಪೊಲೀಸರಿಗೂ ಮೀಸಲಾಗಿ, ಪರವಾನಗಿ ಪಡೆದ ನಾಗರಿಕನಿಗೆ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ಉಳಿಯಿತು. ಷಿಕಾರಿಗಳು ಅದರ ಗುಣವನ್ನು ಎಷ್ಟೇ ವರ್ಣಿಸಲಿ, ಅದು ನಾಗರಿಕನ ಕೈಗೆ ಬಂದದ್ದು ಕಾನೂನಿನ ದಾರಿಯಿಂದ.

ಅಷ್ಟರಲ್ಲಿ ಕಾಡೇ ಬದಲಾಗುತ್ತಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಅದುರನ್ನು ಕರಗಿಸಿದ್ದು ಮರದ ಇದ್ದಿಲು. ಕುಲುಮೆಗಾಗಿ ಕಾಡು ಕೂಪುಕೂಪಾಗಿ ಉರುಳಿತು. ಹಳು ಇದ್ದಲ್ಲಿ ನೋಟ ಉದ್ದವಾಯಿತು. ದೂರದ ಈಡಿಗೆ ಬೇಕಾದ ಬಯಲನ್ನು ನಾವೇ ಮಾಡಿಕೊಟ್ಟೆವು; ಆದರೆ ಅಲ್ಲಿ ಹೊಡೆಯಲು ಮೃಗ ಉಳಿಯಬೇಕಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಬಾಗಿಲನ್ನು ಮುಚ್ಚಿತು. 1974ರಲ್ಲಿ ಭದ್ರಾ, ಶೆಟ್ಟಿಹಳ್ಳಿ ಅಭಯಾರಣ್ಯಗಳಾದವು.

ಈಚೆಗೆ ಮೊಮ್ಮಕ್ಕಳೊಡನೆ ಅದೇ ಸಾಗರದ ರಸ್ತೆಯಲ್ಲಿ, ಚೋರಡಿಗಿಂತ ಬಹಳ ಮೊದಲೇ ಸಿಗುವ ತ್ಯಾವರೆಕೊಪ್ಪದ ಸಫಾರಿಗೆ ಹೋಗಿದ್ದೆ. ಹುಲಿಯೊಂದು ನಮ್ಮ ವಾಹನದಿಂದ ಹತ್ತು ಮಾರು ದೂರದಲ್ಲಿ ಮಲಗಿತ್ತು. “ತಾತ, ಇನ್ನೂ ಹತ್ತಿರ ಹೋಗಬಹುದಾ?” ಎಂದು ಚಿಕ್ಕವನು ಕೇಳಿದ.