ಬಾಗಲೂರಿನ ಖುಷ್ಕಿಯೂ ಹೆಬ್ಬಾಳದ ವಿದ್ಯೆಯೂ

ಯಲಹಂಕದ ಪೂರ್ವಕ್ಕಿರುವ ಬಾಗಲೂರಿನ ಸೀಮೆಯು ನಾಲೆಯ ನೀರನ್ನು ಕಂಡುದಲ್ಲ. ಕೆರೆಯ ಕೆಳಗಣ ಅಲ್ಪ ತರಿಯನ್ನು ಬಿಟ್ಟರೆ ಮಿಕ್ಕುದು ಖುಷ್ಕಿ. ಕೆಂಪುಮಣ್ಣು, ರಾಗಿ, ನಡುವೆ ಅಕ್ಕಡಿಸಾಲಿನ ಅವರೆ. ವರ್ಷಕ್ಕೆ ಸುಮಾರು 900 ಮಿಲಿಮೀಟರು ಬೀಳುವ ಮಳೆಯು ಕಡಮೆಯೆನ್ನುವಂತಿಲ್ಲ. ಆದರೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರು ಅಕ್ಟೋಬರುಗಳಲ್ಲೊಮ್ಮೆ ಸುರಿದು, ನಡುವೆ ಒಕ್ಕಲಿಗನು ಆಕಾಶವನ್ನು ನೋಡುತ್ತ ನಿಲ್ಲುವಂತೆ ಮಾಡುವುದು. ತಂದೆಯ ಈ ನಿರೀಕ್ಷೆಯನ್ನು ಕಂಡು ಬೆಳೆದ ಮಗನು ಅದನ್ನೇ ತನ್ನ ಬಾಳಾಗಿ ವಹಿಸಿಕೊಳ್ಳಬೇಕೆ ಎಂಬ ಪ್ರಶ್ನೆಯು ಹೊಸತೇನೂ ಅಲ್ಲ.

ಇದಕ್ಕೆ ಉತ್ತರವನ್ನರಸುವ ಯತ್ನವು ಸಮೀಪದ ಹೆಬ್ಬಾಳದಲ್ಲಿಯೇ ನಡೆಯಿತು. 1899ರಲ್ಲಿ, ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಪ್ರಯೋಗಕ್ಷೇತ್ರಕ್ಕೆಂದು 30 ಎಕರೆ ಭೂಮಿಯನ್ನು ದಯಪಾಲಿಸಿದರು. ರಸಾಯನಶಾಸ್ತ್ರಜ್ಞರಾದ ಲೆಹ್ಮನ್ನರು ಕಾರ್ಯವನ್ನಾರಂಭಿಸಿದರು. ಕೆನಡಾ ದೇಶದ ಕೋಲ್ಮನ್ನರ ಕಾಲದಲ್ಲಿ, 1913ರಲ್ಲಿ, ವ್ಯವಸಾಯದ ಪಾಠಶಾಲೆಯು ತೆರೆಯಿತು. ಅದು 1946ರಲ್ಲಿ ಕಾಲೇಜಾಗಿ, 1964ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಮೂಲವಾಯಿತು.

ರಾಗಿಗೆ ಇದರಿಂದಾದ ಉಪಕಾರವು ಸಾಮಾನ್ಯವಲ್ಲ. ಲಕ್ಷ್ಮಣಯ್ಯನವರು ನಮ್ಮ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ ‘ಇಂಡಾಫ್’ ರಾಗಿಗಳನ್ನು ಪಡೆದರು. ರಾಗಿಯ ಹೂವು ಅತಿಸೂಕ್ಷ್ಮವಾದುದು, ತನ್ನ ಪರಾಗದಿಂದಲೇ ಕಾಳುಗಟ್ಟುವುದು. ಅದರಲ್ಲಿ ಸಂಕರವನ್ನು ಸಾಧಿಸಲು ಎಂತಹ ತಾಳ್ಮೆಯು ಬೇಕಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ಪೈರು ಸುಧಾರಿಸಿದಂತೆ ಮನೆಯ ಹುಡುಗನ ಪಾಡು ಸುಧಾರಿಸಲಿಲ್ಲ. ಹೊಲವು ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಕಿರಿದಾಯಿತು. ಒಳ್ಳೆಯ ಬೀಜವು ಇಳುವರಿಯನ್ನು ಹೆಚ್ಚಿಸೀತು, ಹೊಲದ ಎಲ್ಲೆಯನ್ನು ಹೆಚ್ಚಿಸದು. ವ್ಯವಸಾಯದ ಪದವಿಯೂ ಅನೇಕರಿಗೆ ಉದ್ಯೋಗದ ಬಾಗಿಲಾಯಿತು. ಇದನ್ನು ತರುಣರ ಸೋಮಾರಿತನವೆಂದು ಜರೆಯುವ ಹಿರಿಯರುಂಟು. ಅದು ನ್ಯಾಯವಲ್ಲ. 2023ರಲ್ಲಿ ಮಂಡ್ಯದ ಸೀಮೆಯ ಅವಿವಾಹಿತ ರೈತತರುಣರು, ತಮಗೆ ಹೆಣ್ಣು ಕೊಡುವವರಿಲ್ಲವೆಂಬ ಅಳಲನ್ನು ಹೊತ್ತು ಮಲೆಯ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆಯಾಗಿ ನಡೆದರು. ಕಾವೇರಿಯ ನಾಲೆಯುಳ್ಳವರಿಗೇ ಈ ಗತಿಯಾದರೆ, ಕೈಮುತಿಕನ್ಯಾಯದಿಂದ, ಖುಷ್ಕಿಯ ವರನ ಮಾತನ್ನು ಹೇಳತಕ್ಕುದೇನು?

ಬಾಗಲೂರಿಗೆ ಮತ್ತೊಂದು ವಿಚಾರವೂ ಸೇರಿಕೊಂಡಿತು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ, ಖಂಡುಗ, ಪಲ್ಲಗಳ ಮಾತಿದ್ದ ಹೊಲಗಳಿಗೆ ಚದರಡಿಯ ಲೆಕ್ಕವು ಬಂದಿತು. ಮಾರಿದವನಿಗೆ ಒಮ್ಮೆಗೇ ಹಣ. ಮಾರದವನಿಗೆ ಹಿಂದಿನಂತೆಯೇ ಮುಂಗಾರಿನ ಚಿಂತೆ.

ಇತ್ತ ವ್ಯವಸಾಯ ಕಾಲೇಜಿನ ಕಡೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಗಳಲ್ಲಿ ಬಿಡಾರಮಾಡಿ, ಒಕ್ಕಲಿನ ಕೆಲಸವನ್ನು ಕಣ್ಣಾರೆ ಕಂಡು ಕಲಿಯುವ ಪದ್ಧತಿಯಿದೆ. ಹದವೆಂದರೇನೆಂದು ಅವರಿಗೆ ಹೇಳಿಕೊಡುವ ಮುದುಕನ ಮಗನು ಆ ಹೊತ್ತಿಗೆ ಪಾಳಿಯ ಕೆಲಸಕ್ಕೆ ಹೊರಟಿರುತ್ತಾನೆ.